ಏಳು ಲಕೋಟೆ, ಎರಡು ದಿನದ ಕೊಲ್ಲಾಪುರ

ಕಳೆದ ವರ್ಷ ಗಣೇಶ ಚೌತಿಯ ದಿನ ನಮ್ಮ ಸೊಸೆ ಆರತಿ ತಟ್ಟೆ ಹಿಡಿದು ಬಂದಾಗ ಅವಳ ಕೈಯಲ್ಲಿ ಹಸಿರು ಗಾಜಿನ ಬಳೆಗಳಷ್ಟೇ ಇದ್ದವು. ಹಬ್ಬ-ಹುಣ್ಣಿಮೆಗೆ ತಪ್ಪದೆ ಹಾಕಿಕೊಳ್ಳುತ್ತಿದ್ದ ಎರಡು ಚಿನ್ನದ ಬಳೆ ಕಾಣಲಿಲ್ಲ. ಬೇರೆ ಯಾರಾದರೂ ಗಮನಿಸುತ್ತಿದ್ದರೋ ಇಲ್ಲವೋ, ನಾನು ಗಮನಿಸಿದೆ. ಚಿಕ್ಕೋಡಿ, ಅಥಣಿ, ಕಾಗವಾಡ ಎಂದು ಊರೂರು ತಿರುಗಿ ಬ್ಯಾಂಕಿನ ಕೌಂಟರಿನ ಒಳಗೆ ಕುಳಿತು ಜೀವನ ಸವೆಸಿದ ಗುಮಾಸ್ತ ನಾನು. ಜೂನ್ ತಿಂಗಳಲ್ಲಿ ಬೀಜ-ಗೊಬ್ಬರಕ್ಕೆ, ಶಾಲೆಯ ಫೀಜಿಗೆ ಎಂದು ಬಳೆ, ಬೋರಮಾಳ, ಟೀಕಿ ಹಿಡಿದು ಬರುವ ಹೆಣ್ಣುಮಕ್ಕಳ ಕೈಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಬರಿಗೈ ಏನು ಹೇಳುತ್ತದೆ ಎಂದು ನನಗೆ ಯಾರೂ ತಿಳಿಸಬೇಕಿರಲಿಲ್ಲ.

ಸಂಜೆ ಮಗನನ್ನು ಅಂಗಳಕ್ಕೆ ಕರೆದು ಕೇಳಿದೆ. ಮೊದಲು ಸುಮ್ಮನಿದ್ದ. ಆಮೇಲೆ ಹೇಳಿದ. ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನ ಮೈಸೂರಿಗೆ ಹೋಗಿದ್ದರಲ್ಲ, ಆ ಪ್ರವಾಸಕ್ಕೆ ಅವನು ಮನಸ್ಸಿನಲ್ಲಿ ಹಿಡಿದದ್ದು 15,000 ರೂಪಾಯಿ. ಆದದ್ದು 26,400. ಹೆಚ್ಚಾದದ್ದನ್ನು ಕ್ರೆಡಿಟ್ ಕಾರ್ಡಿನಲ್ಲಿ ತಳ್ಳಿದ್ದ. ಮೂರು ತಿಂಗಳು ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತ ಹೋದ. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ 3.5 ಬಡ್ಡಿ ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಗುಣಿಸಿದರೆ 42. ಕೊನೆಗೆ ಸೊಸೆಯೇ ಬಳೆ ತೆಗೆದುಕೊಟ್ಟು, "ಇದನ್ನ ಇಟ್ಟು ಅದನ್ನ ಮುಗಸ್ರಿ" ಎಂದಿದ್ದಳು.

ನಾನು ಬಿಡಿಸಿಕೊಡುತ್ತೇನೆ ಎಂದೆ. ಸೊಸೆ ಒಪ್ಪಲಿಲ್ಲ. "ಬ್ಯಾಡ್ರಿ ಮಾವಾರ, ಕಳದವರು ನಾವು, ನಾವ ಬಿಡಿಸ್ಕೋತೀವಿ" ಎಂದಳು. ಹಾಗೆಯೇ ಮಾಡಿದರು. ಈ ವರ್ಷ ಮಾರ್ಚಿನಲ್ಲಿ ಬಳೆ ಮನೆಗೆ ಬಂದವು. ಆದರೆ ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಮೊಮ್ಮಕ್ಕಳು, "ಈ ವರ್ಷ ಎಲ್ಲಿಗೆ ಹೋಗೂದು?" ಎಂದು ಕೇಳಿದಾಗ ಗಂಡ-ಹೆಂಡತಿ ಇಬ್ಬರೂ ಮುಖ ತಗ್ಗಿಸಿ ಊಟ ಮಾಡಿದರು. ಮಗ ಮೆಲ್ಲಗೆ, "ಈ ಸಲ ಬ್ಯಾಡ" ಎಂದ.

ಬೇಡ ಎನ್ನುವುದು ಸುಲಭದ ದಾರಿ. ಆದರೆ ತಪ್ಪು ಮಾಡಿದ್ದು ಪ್ರವಾಸವಲ್ಲ, ಲೆಕ್ಕ. ಲೆಕ್ಕದ ತಪ್ಪಿಗೆ ಮಕ್ಕಳ ಖುಷಿಯನ್ನು ಯಾಕೆ ವಜಾ ಮಾಡಬೇಕು? ಆ ರಾತ್ರಿ ನಾನು ಹಳೆಯ ಲೆಡ್ಜರ್ ಪುಸ್ತಕ ತೆಗೆದೆ.

ಹಣ ಹೋದದ್ದು ಎಲ್ಲಿಗೆ?

ಮೊದಲು ಮಾಡಿದ ಕೆಲಸ, ಮೈಸೂರಿನ ಆ ನಾಲ್ಕು ದಿನಗಳ ಪಾವತಿಗಳನ್ನು ಮಗನ ಮೊಬೈಲಿನಿಂದ ಒಂದೊಂದಾಗಿ ಬರೆದುಕೊಂಡದ್ದು. 93 ಪಾವತಿಗಳಿದ್ದವು. ಅವುಗಳಲ್ಲಿ 1,000 ರೂಪಾಯಿ ದಾಟಿದ್ದು ಆರು ಮಾತ್ರ. ರೈಲು, ಕೊಠಡಿ, ಅರಮನೆ, ಮೃಗಾಲಯದ ಟಿಕೆಟ್ಟು ಎಲ್ಲವೂ ಮಗ ಅಂದಾಜು ಮಾಡಿದಷ್ಟೇ ಆಗಿದ್ದವು. ಮುಳುಗಿಸಿದ್ದು ಉಳಿದ 87. ಎಳನೀರು 50, ಬಲೂನು 40, ಫೋಟೋ 100, ಐಸ್‌ಕ್ರೀಮು 180, ಇನ್ನೊಮ್ಮೆ ಐಸ್‌ಕ್ರೀಮು 150.

ಮಗ ಬೆರಗಾಗಿ ನೋಡಿದ. "ಅಪ್ಪಾ, ಇಷ್ಟ ಸಣ್ಣ ಸಣ್ಣ ರೊಕ್ಕ..." ಎಂದ.

ಸಣ್ಣದಾದದ್ದರಿಂದಲೇ ಕಾಣಲಿಲ್ಲ. ದೊಡ್ಡ ಖರ್ಚಿಗೆ ನಾವು ಹತ್ತು ಸಲ ಯೋಚಿಸುತ್ತೇವೆ. ಕೈಖರ್ಚಿಗೆ ಯಾರೂ ಯೋಚಿಸುವುದಿಲ್ಲ. ನಮ್ಮ ಕಾಲದಲ್ಲಿ ಜೇಬಿಗೆ ಕೈ ಹಾಕಿದಾಗ ನೋಟು ಕಡಿಮೆಯಾದದ್ದು ಬೆರಳಿಗೆ ಗೊತ್ತಾಗುತ್ತಿತ್ತು. 2016ರಲ್ಲಿ ಯುಪಿಐ ಬಂತು, ಒಳ್ಳೆಯದೇ ಆಯಿತು. ನಾನೂ ಹಾಲಿನವನಿಗೆ ಅದರಲ್ಲೇ ಕೊಡುತ್ತೇನೆ. ಆದರೆ ಮೊಬೈಲಿಗೆ ತೂಕವಿಲ್ಲ. 10 ರೂಪಾಯಿ ಕೊಟ್ಟರೂ 1,000 ಕೊಟ್ಟರೂ ಅದೇ ಸದ್ದು.

ಮೊತ್ತ ಮೊದಲು, ಊರು ಆಮೇಲೆ

ಮರುದಿನ ಊಟವಾದ ಮೇಲೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದೆ. ಏಳನೆಯ ತರಗತಿಯ ಮೊಮ್ಮಗ, ನಾಲ್ಕನೆಯ ತರಗತಿಯ ಮೊಮ್ಮಗಳು ಕೂಡ ಕೂತರು. ಸಾಮಾನ್ಯವಾಗಿ ನಾವು ಮಾಡುವುದು ತಿರುವುಮುರುವು: ಮೊದಲು ಊರು ಆರಿಸುತ್ತೇವೆ, ಆಮೇಲೆ ಎಷ್ಟಾಗುತ್ತದೆ ಎಂದು ನೋಡುತ್ತೇವೆ. ನಾವು ಮೊತ್ತದಿಂದ ಶುರು ಮಾಡಿದೆವು. ತಿಂಗಳಿಗೆ ಎಷ್ಟು ತೆಗೆದಿಟ್ಟರೆ ಮನೆಗೆ ಭಾರವಾಗದು? ಸೊಸೆ 1,500 ಎಂದಳು. ಜೂನಿನಿಂದ ನವೆಂಬರಿನವರೆಗೆ ಆರು ತಿಂಗಳು, 9,000 ರೂಪಾಯಿ. ಅಷ್ಟೇ. ಇದರ ಮೇಲೆ ಒಂದು ರೂಪಾಯಿ ಇಲ್ಲ, ಕಾರ್ಡು ಮನೆಯಲ್ಲೇ ಇರಬೇಕು.

"ಒಂಬತ್ತ ಸಾವಿರದಾಗ ಎಲ್ಲಿಗೆ ಹೋಗಾಕ ಬರತೈತಿ ಅಜ್ಜಾ?" ಎಂದು ಮೊಮ್ಮಗ ಕೇಳಿದ.

ಬೆಂಗಳೂರು, ಮೈಸೂರಿಗೆ ಹೋದರೆ ಅರ್ಧ ಹಣ, ಅರ್ಧ ಸಮಯ ಎರಡೂ ದಾರಿಯಲ್ಲೇ ಹೋಗುತ್ತವೆ. ನಮ್ಮ ಭಾಗದವರಿಗೆ ಒಂದು ಭಾಗ್ಯವಿದೆ. ಸುತ್ತಲೂ ನೋಡುವಂಥ ಊರುಗಳು ಒಂದೊಂದು ಮಗ್ಗುಲಿಗೆ ಒಂದಿವೆ. ಅಥಣಿಯವರಿಗೆ ವಿಜಯಪುರ ಹತ್ತಿರ. ಗೋಳಗುಮ್ಮಟದಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಕಾಗವಾಡದವರಿಗೆ ಮಿರಜ-ಸಾಂಗಲಿ ಹಿತ್ತಲಿದ್ದಂತೆ. ಮಿರಜದಲ್ಲಿ ಸಿತಾರ, ತಂಬೂರಿ ಮಾಡುವ ಕುಶಲಕರ್ಮಿಗಳ ಕೆಲಸ ನೋಡುವುದೇ ಒಂದು ಪಾಠ. ರಾಯಬಾಗದವರಿಗೆ ರೈಲಿದೆ, ಒಂದು ಕಡೆ ಮಿರಜ, ಇನ್ನೊಂದು ಕಡೆ ಬೆಳಗಾವಿ. ಚಿಕ್ಕೋಡಿ-ನಿಪ್ಪಾಣಿಯವರಿಗೆ ಕೊಲ್ಲಾಪುರ. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರು. ಬಟ್ಟೆಗೆ, ಆಸ್ಪತ್ರೆಗೆ ಎಂದು ಹತ್ತು ಸಲ ಹೋಗಿ ಬಂದಿರುತ್ತೇವೆ. ಆದರೆ ಒಂದು ರಾತ್ರಿ ಉಳಿದು ಊರು ನೋಡಿದವರು ಕಡಿಮೆ. ಕೊಲ್ಲಾಪುರವೇ ಎಂದು ತೀರ್ಮಾನವಾಯಿತು. ಶನಿವಾರ, ಭಾನುವಾರ, ಒಂದು ರಾತ್ರಿ. ನವರಾತ್ರಿಯ ಗದ್ದಲದಲ್ಲಿ ಬೇಡ, ನವೆಂಬರಿನ ಕೊನೆಯ ವಾರ. ನಮ್ಮಾಕೆ ಮಾತ್ರ, "ಎಮ್ಮಿ ಬಿಟ್ಟು ನಾ ಎಲ್ಲಿ ಬರ್ಲಿ? ನೀವು ಹೋಗಿ ಬರ್ರಿ, ಬುತ್ತಿ ಕಟ್ಟಿ ಕೊಡತೀನಿ" ಎಂದಳು. ಹೀಗೆ ಐದು ಜನ ಗಟ್ಟಿಯಾದೆವು.

ಏಳು ಲಕೋಟೆ

ಹಳೆಯ ಮದುವೆ ಪತ್ರಿಕೆಗಳ ಲಕೋಟೆ ಏಳು ತೆಗೆದು ಮೊಮ್ಮಗಳ ಕೈಯಲ್ಲಿ ಹೆಸರು ಬರೆಸಿದೆ.

ಬಸ್ಸು: 900
ವಸತಿ: 2,000
ಊಟ-ತಿಂಡಿ: 2,000
ಊರೊಳಗಿನ ಆಟೋ: 800
ಟಿಕೆಟ್ಟು, ಬೋಟು: 600
ಕೈಖರ್ಚು, ಐವರಿಗೆ ತಲಾ 300: 1,500
ಆಪತ್ತು: 1,200

ಒಟ್ಟು 9,000.

ಪಟ್ಟಿಯಲ್ಲಿ ಆಪತ್ತು ಕೊನೆಗಿದ್ದರೂ ಹಣ ತುಂಬುವಾಗ ಮೊದಲು ತುಂಬಿದ್ದು ಅದೇ. ಎರಡನೆಯದು ವಾಪಸು ಬರುವ ಬಸ್ಸಿನ ಹಣ. ಅದನ್ನು ಬೇರೆ ಮಡಚಿ ಪಿನ್ನು ಹಾಕಿದೆ. ಆಮೇಲೆ ವಸತಿ, ಊಟ. ಎಲ್ಲ ಮುಗಿದ ಮೇಲೆ ಕೈಖರ್ಚು. ಬಹಳ ಜನ ಉಳಿದದ್ದನ್ನು ಆಪತ್ತಿಗೆ ಎನ್ನುತ್ತಾರೆ. ಪ್ರವಾಸದಲ್ಲಿ ಉಳಿಯುವುದು ಎಂಬುದೇ ಇಲ್ಲ. ತೆಗೆದಿಟ್ಟರೆ ಮಾತ್ರ ಇರುತ್ತದೆ. ನೂರಕ್ಕೆ ಹತ್ತರಿಂದ ಹದಿನೈದು ಭಾಗ ಹೀಗೆ ಮೊದಲೇ ಕಟ್ಟಿಡುವುದು ನನ್ನ ರೂಢಿ.

ಬಸ್ಸಿನ ಲೆಕ್ಕದಲ್ಲಿ ನಮ್ಮ ಗಡಿಭಾಗದ ಒಂದು ಗಮ್ಮತ್ತಿದೆ. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಹೀಗಾಗಿ ಸೊಸೆ, ಮೊಮ್ಮಗಳು ಚಿಕ್ಕೋಡಿಯಿಂದ ನಿಪ್ಪಾಣಿಯವರೆಗೆ ಹಣ ಕೊಡದೆ ಬಂದರು. ಅಲ್ಲಿಂದ ಗಡಿ ದಾಟುವ ಬಸ್ಸಿಗೆ ಎಲ್ಲರಿಗೂ ಟಿಕೆಟ್ಟು. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಮಹಿಳೆಯರಿಗೆ ಅರ್ಧ ದರವಿದೆ, ಅದೂ ಆ ರಾಜ್ಯದ ಗಡಿಯೊಳಗೆ. ರಿಯಾಯಿತಿ ಸಿಕ್ಕರೆ ಸಂತೋಷ, ಆದರೆ ಬಜೆಟ್ಟಿನಲ್ಲಿ ಗಡಿಯಾಚೆಯ ದಾರಿಗೆ ಪೂರ್ತಿ ದರವನ್ನೇ ಹಿಡಿಯಿರಿ. ಮಕ್ಕಳ ಅರ್ಧ ಟಿಕೆಟ್ಟಿಗೆ, ಹಿರಿಯರ ರಿಯಾಯಿತಿಗೆ ವಯಸ್ಸಿನ ಪುರಾವೆ ಬೇಕು. ಎಲ್ಲರ ಆಧಾರ್ ಕಾರ್ಡು ಒಂದೇ ಚೀಲದಲ್ಲಿರಲಿ.

ಕೈಖರ್ಚಿಗೆ ಮೂರು ನಿಯಮ ಮಾಡಿದೆವು. ಒಂದು, ದೊಡ್ಡವರು-ಚಿಕ್ಕವರು ಎಂಬ ಭೇದವಿಲ್ಲ, ನನಗೂ 300, ಮೊಮ್ಮಗಳಿಗೂ 300. ಎರಡು, ಯಾರು ಏನು ಕೊಂಡರೂ 'ಯಾಕೆ ಕೊಂಡೆ' ಎಂದು ಇನ್ನೊಬ್ಬರು ಕೇಳುವಂತಿಲ್ಲ. ಮೂರು, ಮುಗಿದರೆ ಮುಗಿಯಿತು, ಸಾಲವಿಲ್ಲ, ಮುಂಗಡವಿಲ್ಲ. ಮೂರನೆಯ ನಿಯಮಕ್ಕೆ ಮೊಮ್ಮಗ ಎಲ್ಲರಿಗಿಂತ ಜೋರಾಗಿ ಕೈ ಎತ್ತಿದ್ದ.

1962ರ ತಗಡಿನ ಮೋಟಾರು

ಇಲ್ಲಿ ನನ್ನದೊಂದು ಹಳೆಯ ಮಾತು ಹೇಳಬೇಕು. ಕೊಲ್ಲಾಪುರಕ್ಕೆ ನಾನು ಮೊದಲ ಸಲ ಹೋದದ್ದು 1962ರ ಬೇಸಿಗೆಯಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಅಪ್ಪನ ಜೊತೆ. ನಿಪ್ಪಾಣಿಯ ಹತ್ತಿರದ ಹಳ್ಳಿ ನಮ್ಮದು. ಅಪ್ಪ ತಂಬಾಕು ಬೆಳೆಯುತ್ತಿದ್ದ. ಮಾಲು ಮಾರಿದ್ದ, ಆದರೆ ವ್ಯಾಪಾರಿ ಅರ್ಧ ಹಣ ಕೊಟ್ಟು ಉಳಿದದ್ದಕ್ಕೆ ವಾಯಿದೆ ಹೇಳಿದ್ದ. ನನಗೆ ಅದೆಲ್ಲ ಗೊತ್ತಿರಲಿಲ್ಲ. ಅಂಬಾಬಾಯಿ ಗುಡಿ ನೋಡಿದೆ, ರಂಕಾಳ ಕೆರೆ ನೋಡಿದೆ, ಭವಾನಿ ಮಂಟಪದ ಹತ್ತಿರ ಒಂದು ತಗಡಿನ ಮೋಟಾರು ನೋಡಿ ಅಲ್ಲೇ ನಿಂತುಬಿಟ್ಟೆ. ಕೀಲಿ ಕೊಟ್ಟರೆ ಓಡುವ ಮೋಟಾರು. ಅಪ್ಪ ಒಂದು ಗಳಿಗೆ ಸುಮ್ಮನೆ ನಿಂತು, ಕೊಡಿಸಿದ. ಖಾನಾವಳಿಯಲ್ಲಿ ನನಗೆ ಊಟ ಹಾಕಿಸಿ, "ನನಗ ಹಸಿವಿಲ್ಲ ತಮ್ಮಾ, ನೀ ಉಣ್ಣು" ಎಂದು ತಾನು ಚಹಾ ಕುಡಿದ. ನಿಪ್ಪಾಣಿಯಲ್ಲಿ ಬಸ್ಸಿಳಿದಾಗ ಕತ್ತಲಾಗಿತ್ತು. "ಬೆಳದಿಂಗಳ ಐತಿ, ನಡಕೋತ ಹೋಗೋಣ" ಎಂದ. ಅರ್ಧ ದಾರಿ ನಡೆದೆ, ಅರ್ಧ ದಾರಿ ಅಪ್ಪನ ಹೆಗಲ ಮೇಲೆ. ಕೈಯಲ್ಲಿ ಮೋಟಾರು. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸುಖದ ದಿನ ಇನ್ನೊಂದಿಲ್ಲ ಎಂದು ಬಹಳ ಕಾಲ ನಂಬಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅವನ ಟ್ರಂಕಿನಲ್ಲಿ ಕಿರ್ದಿ ಪುಸ್ತಕಗಳು ಸಿಕ್ಕವು. ಆಗ ನಾನು ಬ್ಯಾಂಕಿಗೆ ಸೇರಿ ಆಗಿತ್ತು. ಅಭ್ಯಾಸಬಲದಿಂದ ಕೂಡುತ್ತ ಕೂತೆ. 1957ರ ಏಪ್ರಿಲ್ 1ರಿಂದ ನಯೇಪೈಸೆ ಬಂದಿದ್ದರೂ ನಮ್ಮ ಹಿರಿಯರ ಬಾಯಿಯಿಂದ ಆಣೆ ಹೋಗಿರಲಿಲ್ಲ. ಎರಡಾಣೆಗೆ 12 ಪೈಸೆ, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಮನಸ್ಸಿನಲ್ಲೇ ಬದಲಿಸಿ ಬರೆಯುತ್ತಿದ್ದರು. ಆ ದಿನದ ಪುಟದಲ್ಲಿ ಹೀಗಿತ್ತು: ತಮ್ಮನ ಮೋಟಾರು 1.25. ತಮ್ಮನ ಊಟ 0.50. ಚಹಾ 0.12. ಹೋಗುವ ಬಸ್ಸು ಎರಡು ಕಡೆಯದೂ ಇತ್ತು, ಬರುವ ಬಸ್ಸು ನಿಪ್ಪಾಣಿಯವರೆಗೆ ಮಾತ್ರ. ಅಪ್ಪನ ಊಟ ಎಂಬ ಸಾಲು ಇರಲಿಲ್ಲ. ಕೆಳಗೆ ಶಿಲ್ಕು: ಸೊನ್ನೆ.

ಅಪ್ಪನ ಪ್ರೀತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪುಟ ನೋಡಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. "ತಮ್ಮಾ, ನಮ್ಮ ಹತ್ರ ಇಷ್ಟ ಐತಿ" ಎಂದು ಅಪ್ಪ ಬೆಳಿಗ್ಗೆಯೇ ಹೇಳಿದ್ದರೆ? ಹನ್ನೊಂದು ವರ್ಷದ ಹುಡುಗನಿಗೆ ಅಷ್ಟು ತಿಳಿಯುತ್ತಿತ್ತು. ನಾನು ಮೋಟಾರು ಕೇಳುತ್ತಿರಲಿಲ್ಲ, ಅಪ್ಪ ಉಣ್ಣುತ್ತಿದ್ದ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಎಲ್ಲವನ್ನೂ ಹೇಳುತ್ತೇವೆ, ರೊಕ್ಕದ ಲೆಕ್ಕ ಮಾತ್ರ ಹೇಳುವುದಿಲ್ಲ. ಮಕ್ಕಳು ಹಟ ಮಾಡುತ್ತಾರೆ ಎನ್ನುತ್ತೇವೆ. ಎಷ್ಟಿದೆ ಎಂದು ಗೊತ್ತಿಲ್ಲದವರು ಹಟವಲ್ಲದೆ ಇನ್ನೇನು ಮಾಡಿಯಾರು?

ಪಡಸಾಲೆಯ ಸಭೆಗೆ ಮಕ್ಕಳನ್ನೂ ಕೂರಿಸಿದ್ದು ಅದಕ್ಕೇ.

ಶನಿವಾರ: ಹೊಳೆಯುವ ಚಕ್ರ

ಬೆಳಿಗ್ಗೆ ಏಳಕ್ಕೆ ಹೊರಟೆವು. ಬುತ್ತಿಯಲ್ಲಿ ಜೋಳದ ಕಟಿರೊಟ್ಟಿ, ಬದನೆಯ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಐದು ಜನರ ಒಂದು ಹೊತ್ತಿನ ಊಟ ಹೀಗೆ ಹೊರಗಿನ ಖರ್ಚಿಲ್ಲದೆ ಕಳೆಯಿತು. ಬುತ್ತಿ ಕಟ್ಟಿಕೊಳ್ಳಲು ನಾಚುವ ಕಾಲ ಬಂದಿದೆ, ನಾಚಬೇಡಿ. ರಂಕಾಳದ ದಂಡೆಯ ಮೇಲೆ ಕೂತು ತಿಂದ ಆ ರೊಟ್ಟಿಯ ರುಚಿ ಯಾವ ಹೋಟೆಲಿನಲ್ಲೂ ಸಿಗಲಿಲ್ಲ ಎಂದು ಮಗನೇ ಹೇಳಿದ.

ನೋಡುವ ಸ್ಥಳಗಳನ್ನು ಎರಡು ಪಂಕ್ತಿಯಲ್ಲಿ ಬರೆದುಕೊಂಡಿದ್ದೆವು: ಹಣ ಕೇಳುವವು, ಕೇಳದವು. ಅಂಬಾಬಾಯಿ ಎಂದು ಅಲ್ಲಿಯವರು ಕರೆಯುವ ಮಹಾಲಕ್ಷ್ಮಿಯ ಗುಡಿ, ಭವಾನಿ ಮಂಟಪ, ರಂಕಾಳದ ದಂಡೆ, ಶಾಹೂ ಮಹಾರಾಜರ ಕಾಲದ ಖಾಸಬಾಗ ಕುಸ್ತಿ ಮೈದಾನದ ಹೊರನೋಟ, ಇವು ಕೇಳದವು. ಅವು ಒಂದಕ್ಕೊಂದು ಹತ್ತಿರವೂ ಹೌದು, ನಡೆದೇ ನೋಡಬಹುದು. ಶಾಹೂ ಮಹಾರಾಜರು 1902ರಲ್ಲೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ ಐವತ್ತು ಮೀಸಲು ಇಟ್ಟ ಕತೆಯನ್ನು ನಡೆಯುತ್ತಲೇ ಮಕ್ಕಳಿಗೆ ಹೇಳಿದೆ. ಒಂದು ಹಣದ ಸ್ಥಳಕ್ಕೆ ಒಂದು ಹಣವಿಲ್ಲದ ಸ್ಥಳ ಎಂದು ಜೋಡಿ ಮಾಡಿದರೆ ದಿನವೂ ತುಂಬುತ್ತದೆ, ಲಕೋಟೆಯೂ ಉಳಿಯುತ್ತದೆ.

ಸಂಜೆ ರಂಕಾಳದ ಚೌಪಾಟಿಯಲ್ಲಿ ದೀಪ ಹೊತ್ತಿದವು. ಭೇಳಪುರಿ, ಗೋಲಾ, ಬಂದೂಕಿನಿಂದ ಬಲೂನು ಹೊಡೆಯುವ ಆಟ. ಮೊಮ್ಮಗ ಭೇಳಿಗೆ 50, ಆಟಕ್ಕೆ 70, ಆಮೇಲೆ ದಾರ ಎಳೆದರೆ ಮೇಲೆ ಹಾರಿ ಹೊಳೆಯುವ ಚಕ್ರಕ್ಕೆ 120 ಕೊಟ್ಟ. ಒಂದು ತಾಸಿನಲ್ಲಿ 240. ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು, ಆದರೆ ಎರಡನೆಯ ನಿಯಮ ಇತ್ತಲ್ಲ. ಮೊಮ್ಮಗಳು 40 ರೂಪಾಯಿ ಗೋಲಾ ತಿಂದು, ಉಳಿದದ್ದನ್ನು ಎರಡು ಸಲ ಎಣಿಸಿ ಒಳಗಿಟ್ಟಳು.

ರಾತ್ರಿ ಕೊಠಡಿಯಲ್ಲಿ 'ಕ್ಯಾಶ್ ಟ್ಯಾಲಿ' ಮಾಡಿದೆವು. ಬ್ಯಾಂಕಿನಲ್ಲಿ ದಿನದ ನಗದು ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ. ಇಲ್ಲಿಯೂ ತಾಳೆಯಾಗದೆ ನಿದ್ದೆ ಇಲ್ಲ ಎಂದೆ. ಊಟದ ಲಕೋಟೆಯಲ್ಲಿ 30 ರೂಪಾಯಿ ಹೆಚ್ಚು ಬಂತು. ಹೆಚ್ಚು ಬಂದರೂ ತಪ್ಪೇ. ಮಕ್ಕಳಿಬ್ಬರೂ ಪೊಲೀಸರ ಹಾಗೆ ವಿಚಾರಣೆ ಮಾಡಿ ಹಿಡಿದರು: ಅಪ್ಪ ಚಹಾದ ಹಣ ರೂಢಿಯಂತೆ ಮೊಬೈಲಿನಿಂದ ಕೊಟ್ಟಿದ್ದ! 30 ರೂಪಾಯಿಯನ್ನು ಲಕೋಟೆಯಿಂದ ತೆಗೆದು ಅವನ ಕೈಗೆ ಕೊಟ್ಟು ಲೆಕ್ಕ ಮುಚ್ಚಿದೆವು. ಆ ಹತ್ತು ನಿಮಿಷ ನಾವು ನಕ್ಕಷ್ಟು ಇಡೀ ಮೈಸೂರಿನಲ್ಲಿ ನಗಲಿಲ್ಲ ಎಂದು ಸೊಸೆ ಹೇಳಿದಳು.

ಅಷ್ಟರಲ್ಲಿ ಹೊಳೆಯುವ ಚಕ್ರ ಕಿಟಕಿಗೆ ಬಡಿದು ಆರಿತು. ಮತ್ತೆ ಹೊತ್ತಲಿಲ್ಲ.

ಭಾನುವಾರ: ಅಥಣಿಯ ಚಪ್ಪಲಿ

ಬೆಳಿಗ್ಗೆ ಮಿಸಳ ತಿಂದು ಹೊಸ ಅರಮನೆಗೆ ಹೋದೆವು. 1877ರಿಂದ 1884ರವರೆಗೆ ಕಟ್ಟಿದ ಕಪ್ಪು ಕಲ್ಲಿನ ಕಟ್ಟಡ. ಒಳಗಿನ ವಸ್ತುಸಂಗ್ರಹಾಲಯಕ್ಕೆ ಟಿಕೆಟ್ಟಿದೆ. ಇಂಥ ಸ್ಥಳಗಳಿಗೆ ವಾರದ ರಜೆ ಇರುತ್ತದೆ, ಹೋಗುವ ಮುಂಚೆ ವಿಚಾರಿಸಿಕೊಳ್ಳಿ. ಇಲ್ಲವಾದರೆ ಆಟೋದ ಹಣ ದಂಡ. ಅಲ್ಲಿಂದ ಚಪ್ಪಲಿ ಓಣಿಗೆ ಬಂದೆವು.

ಅಲ್ಲಿ ಮೊಮ್ಮಗನ ಕಣ್ಣು ಒಂದು ಜೊತೆ ಚಪ್ಪಲಿಯ ಮೇಲೆ ನಿಂತಿತು. ನಡೆದರೆ ಕರಕರ ಸದ್ದು ಮಾಡುವಂಥದು, ಅವನ ಅಳತೆಯದು. ಬೆಲೆ 280. ಅವನ ಹತ್ತಿರ 60 ಇತ್ತು. ಪಕ್ಕದಲ್ಲೇ ಅವನ ತಂಗಿ ಚೌಕಾಶಿ ಮಾಡಿ ತನ್ನ ಅಳತೆಯ ಜೊತೆಯೊಂದನ್ನು 230ಕ್ಕೆ ಒಪ್ಪಿಸಿದ್ದಳು. ಮೊಮ್ಮಗ ಅಪ್ಪನ ಮುಖ ನೋಡಿದ. "ಅಪ್ಪಾ, ಆಪತ್ತಿನ ಲಕೋಟೆ ಹಂಗ ಐತೆಲ್ಲ?" ಎಂದ. ಮಗನ ಕೈ ಜೇಬಿನ ಮೊಬೈಲಿನ ಕಡೆ ಹೋಯಿತು. ಅವನು ನನ್ನನ್ನು ನೋಡಿದ. ನನ್ನ ಕೈಯೂ ಜೇಬಿನಲ್ಲೇ ಇತ್ತು. ನನ್ನ 300ರಲ್ಲಿ 20 ರೂಪಾಯಿ ಮಾತ್ರ ಖರ್ಚಾಗಿತ್ತು. ತಗಡಿನ ಮೋಟಾರಿನ ಮುಂದೆ ನಿಂತ ಅಪ್ಪ ನೆನಪಾದ. ಅಪ್ಪನಾಗಿದ್ದರೆ ಕೊಡಿಸುತ್ತಿದ್ದ.

ಆದರೆ ಅಪ್ಪ ನನಗೆ ಲೆಕ್ಕ ಹೇಳಿರಲಿಲ್ಲ. ನಾವು ಇವನಿಗೆ ಹೇಳಿದ್ದೆವು. ಅಂದು ನನಗೆ ಆಯ್ಕೆಯೇ ಇರಲಿಲ್ಲ, ಇವನು ತಾನೇ ಆರಿಸಿಕೊಂಡಿದ್ದ. ಈಗ ಕೊಟ್ಟರೆ ನಿನ್ನೆಯಿಂದ ಹಣ ಎಣಿಸಿಟ್ಟ ತಂಗಿಗೆ ನಾವು ಏನು ಹೇಳಿದಂತಾಗುತ್ತದೆ? ಮಗ ಮೊಬೈಲ್ ಬಿಟ್ಟು ಕೈಯನ್ನು ಹುಡುಗನ ಹೆಗಲ ಮೇಲಿಟ್ಟ. "ಅದು ಆಪತ್ತಿಂದು ಪಾ. ಚಪ್ಪಲಿ ಆಪತ್ತಲ್ಲ" ಎಂದ. ಹುಡುಗನ ಕಣ್ಣು ತುಂಬಿತು, ಮಾತಾಡಲಿಲ್ಲ. ನನಗೂ ಗಂಟಲು ಕಟ್ಟಿತ್ತು. ಕೊಡದಿರುವುದು ಕೊಡುವುದಕ್ಕಿಂತ ಕಷ್ಟ ಎಂದು ಆ ಓಣಿಯಲ್ಲಿ ತಿಳಿಯಿತು.

ಅಂಗಡಿಯವರನ್ನು, "ಎಲ್ಲಿ ಮಾಡಿದ ಮಾಲು ಇದು?" ಎಂದು ಕೇಳಿದೆ. "ಹೆಚ್ಚಿನವು ಅಥಣಿ ಕಡೆಯಿಂದ ಬರತಾವ್ರಿ" ಎಂದರು. ನಗು ಬಂತು. ಅಥಣಿ ಶಾಖೆಯಲ್ಲಿದ್ದಾಗ ಚಪ್ಪಲಿ ಹೊಲಿಯುವ ಎಷ್ಟೋ ಮನೆಗಳವರ ಸಾಲದ ಕಾಗದ ಬರೆದವನು ನಾನು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಊರಿನ ಮಾಲನ್ನು ಪರವೂರಿಗೆ ಹೋಗಿ ಕೊಂಡೆವು! ಕೊಳ್ಳುವ ಪಟ್ಟಿ ಮಾಡುವಾಗ ಇದನ್ನೂ ನೆನಪಿಡಿ: ಆ ವಸ್ತು ನಿಮ್ಮೂರಿನಲ್ಲೇ ಸಿಗುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳಿ.

ಮಧ್ಯಾಹ್ನ ನಾವು ಗುರುತಿಟ್ಟಿದ್ದ ಖಾನಾವಳಿ ಮುಚ್ಚಿತ್ತು. ಪಕ್ಕದ ಹೋಟೆಲಿನಲ್ಲಿ ಉಂಡಾಗ ಊಟದ ಲಕೋಟೆ 340 ಮೀರಿತು. ಆಟೋದಲ್ಲಿ 240, ಟಿಕೆಟ್ಟಿನಲ್ಲಿ 180 ಉಳಿದಿದ್ದವು. ಮೊದಲನೆಯದರಿಂದ ಪೂರ್ತಿ, ಎರಡನೆಯದರಿಂದ 100 ತೆಗೆದು ಸರಿಪಡಿಸಿದೆವು. ಒಂದು ಲಕೋಟೆಯಿಂದ ಇನ್ನೊಂದಕ್ಕೆ ಹಣ ದಾಟಿಸಬಹುದು, ಆದರೆ ಚೀಟಿ ಬರೆದಿಟ್ಟೇ ದಾಟಿಸಬೇಕು. ವಾಪಸಾಗುವಾಗ ಬಸ್ಸಿನಲ್ಲಿ ಮೊಮ್ಮಗಳಿಗೆ ವಾಂತಿಯಾಗಿ, ನಿಪ್ಪಾಣಿಯಲ್ಲಿ ಇಳಿದು ಔಷಧಿ, ಎಳನೀರು ಕೊಂಡೆವು. 150 ರೂಪಾಯಿ. "ಇದು ಆಪತ್ತು" ಎಂದು ಮೊಮ್ಮಗನೇ ಆ ಲಕೋಟೆ ಬಿಚ್ಚಿಕೊಟ್ಟ. ಅಲ್ಲಿಯವರೆಗೆ ಅವನು ನನ್ನ ಜೊತೆ ಮಾತಾಡಿರಲಿಲ್ಲ.

ತಾಳೆ

ಮನೆಗೆ ಬಂದು ಕೂಡಿದಾಗ: ಬಸ್ಸು 860, ವಸತಿ 2,000, ಊಟ 2,340, ಆಟೋ 560, ಟಿಕೆಟ್ಟು 420, ಕೈಖರ್ಚು 1,500, ಆಪತ್ತು 150. ಒಟ್ಟು 7,830. ಉಳಿದದ್ದು 1,170. ಮೈಸೂರಿನ 26,400ರ ಜೊತೆ ಇದನ್ನು ಹೋಲಿಸುವುದಿಲ್ಲ. ಅದು ನಾಲ್ಕು ದಿನ, ದೂರದ ಊರು. ನಾನು ಹೋಲಿಸುವುದು ಇಷ್ಟನ್ನೇ: ಅಲ್ಲಿಂದ ಬಂದ ಮೇಲೆ ಒಂದು ವರ್ಷ ಕಟ್ಟಿದರು, ಇಲ್ಲಿಂದ ಬಂದ ಮೇಲೆ ಕಟ್ಟುವುದು ಏನೂ ಇರಲಿಲ್ಲ.

ನಗದು ಒಯ್ಯುವುದು ಬೇಡ ಎನ್ನುವವರಿಗೂ ದಾರಿಯಿದೆ. ಯುಪಿಐ ಲೈಟ್ ಎಂಬುದರಲ್ಲಿ ಗರಿಷ್ಠ 5,000 ರೂಪಾಯಿಯವರೆಗೆ ಬೇರೆಯಾಗಿ ತುಂಬಿಡಬಹುದು. ದಿನದ ಕೈಖರ್ಚನ್ನಷ್ಟೇ ಅದಕ್ಕೆ ತುಂಬಿ, ತಾನಾಗಿ ಮತ್ತೆ ತುಂಬುವ ಸೌಲಭ್ಯ ನಿಲ್ಲಿಸಿ, ಅದರಿಂದಲೇ ಕೊಡಿ. ಮುಗಿದಾಗ ಮುಗಿದದ್ದು ಗೊತ್ತಾಗುತ್ತದೆ. ಅದೂ ಒಂದು ಲಕೋಟೆಯೇ.

ಮಕ್ಕಳೇ, ನಿಮಗೊಂದು ಮಾತು. ಮುಂದಿನ ಸಲ ಮನೆಯಲ್ಲಿ ಊರಿಗೆ ಹೋಗುವ ಮಾತು ಬಂದರೆ, 'ನನಗೇನು ಕೊಡಿಸುತ್ತೀರಿ' ಎಂದು ಕೇಳುವ ಮೊದಲು 'ನಮ್ಮ ಹತ್ತಿರ ಎಷ್ಟಿದೆ' ಎಂದು ಕೇಳಿ. ದೊಡ್ಡವರೇ, ಅವರು ಕೇಳಿದರೆ ಹೇಳಿ. ಸಣ್ಣ ಮೊತ್ತವಾದರೆ ನಾಚಿಕೊಳ್ಳಬೇಡಿ.

ಮೊಮ್ಮಗ ಅಂದು ರಾತ್ರಿ ತನ್ನ ಲೆಕ್ಕವನ್ನು ನೋಟುಬುಕ್ಕಿನಲ್ಲಿ ಬರೆದ. ಭೇಳು 50. ಬಂದೂಕು 70. ಚಕ್ರ 120, ಅದರ ಮುಂದೆ 'ಕೆಟ್ಟಿತು'. ಉಳಿಕೆ 60. ಪುಟದ ಕೆಳಗೆ ಗೆರೆ ಹೊಡೆದು ಇನ್ನೊಂದು ಸಾಲು ಬರೆದಿದ್ದ: ಅಥಣಿಯಲ್ಲಿ ಚಪ್ಪಲಿಗೆ ಎಷ್ಟು? ಅಜ್ಜನನ್ನು ಕೇಳಬೇಕು.

ಉಳಿದ 1,170 ರೂಪಾಯಿಯನ್ನು ಸೊಸೆ ಹೊಸ ಲಕೋಟೆಗೆ ಹಾಕಿ, 'ಮುಂದಿನ ವರ್ಷ' ಎಂದು ಬರೆದು, ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟಳು. ಡಬ್ಬಿ ಸರಿಸುವಾಗ ಅವಳ ಬಳೆಗಳ ಸದ್ದು ಪಡಸಾಲೆಯವರೆಗೆ ಕೇಳಿಸಿತು.